2 ತಿಂಗಳ ಕೂಸಿಗೆ ಬೇಸಿಗೆಯಲ್ಲಿ ನೀರು ಬೇಡ

ದಾವಣಗೆರೆ ಬಿಸಿಲಿಗೆ 2 ತಿಂಗಳ ಕೂಸಿಗೆ ನೀರು ಕುಡಿಸಬಹುದಾ, ದೊಡ್ಡವನ ಹಟಕ್ಕೆ ಏನು ಮಾಡೋದು ಅಂತ ಕೇಳಿದ್ದೀರಿ.

ನೀರು ಬೇಡ. ಎಷ್ಟೇ ಸೆಕೆ ಇದ್ದರೂ 6 ತಿಂಗಳವರೆಗೆ ಎದೆಹಾಲೇ ಸಾಕು. ಜಾಸ್ತಿ ಸಲ ಕುಡಿಸಿ, ನೀರು ನೀವು ಕುಡಿಯಿರಿ. ದಿನಕ್ಕೆ 6 ಸಲವಾದರೂ ಬಟ್ಟೆ ಒದ್ದೆಯಾದರೆ ಹಾಲು ಸಾಲುತ್ತಿದೆ ಅಂತಲೇ. ನಮ್ಮತ್ತೆಯೂ ಚಮಚ ಹಿಡಿದು ನಿಂತಿದ್ದರು. ಡಾಕ್ಟರ್ ಹೇಳಿದ ಮೇಲೆ ಬಿಟ್ಟರು (ಮುಖ ಮಾತ್ರ ಎರಡು ದಿನ ಊದಿಕೊಂಡಿತ್ತು).

ದೊಡ್ಡ ಮಕ್ಕಳದೇ ಕಷ್ಟ ಅಲ್ವಾ? ನಾನು ಹಾಲು ಕುಡಿಸಲು ಕೂತ ತಕ್ಷಣ ನನ್ನ ಮೂರು ವರ್ಷದವಳಿಗೆ ಸರಿಯಾಗಿ ಆಗಲೇ ಉಚ್ಚೆ ಬರುತ್ತಿತ್ತು! ಈಗ ಒಂದು ತಟ್ಟೆ ಮಂಡಕ್ಕಿ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಒಂದೊಂದೇ ಎಣಿಸಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಅಷ್ಟರಲ್ಲಿ ಕೂಸು ನಿದ್ದೆ. ಸಂಜೆ ಬಿಸಿಲು ಇಳಿದ ಮೇಲೆ ಅವರಪ್ಪ ಕುಂದುವಾಡ ಕೆರೆ ಕಡೆ ಕರೆದುಕೊಂಡು ಹೋಗುತ್ತಾರೆ.