ಆಮವಾತದ ಮಾತ್ರೆ ಬಿಟ್ಟು ಅಮೃತಬಳ್ಳಿ ಕಷಾಯ ಕೊಡಬಹುದೇ?

ತಾಯಿಯವರ ಬೆರಳ ಗೆಣ್ಣು ಊದಿವೆ, ಮಾತ್ರೆಯ ಅಡ್ಡಪರಿಣಾಮಕ್ಕೆ ಹೆದರಿ ಅಮೃತಬಳ್ಳಿಯೋ ಅರಿಶಿನವೋ ಎಂದು ಕೇಳಿದ್ದೀರಿ. ನನಗೂ ಅದೇ ಕಾಯಿಲೆ, ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್).

ಮಂಡ್ಯದ ಪಕ್ಕದ ಹಳ್ಳಿ ನಮ್ಮದು. ಬೆಳಿಗ್ಗೆ ಎದ್ದು ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಚಿಕುನ್‌ಗುನ್ಯ ಬಂದು ಹೋದ ಮೈ, ಅದರದೇ ನೋವು ಎಂದುಕೊಂಡು ಕಾಲ ಕಳೆದೆವು. ಕೊನೆಗೆ ಮೈಸೂರಿನ ಕೀಲುರೋಗ ತಜ್ಞರೊಬ್ಬರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೆ ಒಂದೇ ದಿನದ ಮಾತ್ರೆ ಅದು (ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ, ಡಬ್ಬಿಯ ಮೇಲೆ ವಾರದ ಹೆಸರು ಬರೆದಿಡಿ). ಗುಣ ಕಾಣಲು ತಿಂಗಳುಗಳೇ ಹಿಡಿದವು. ಆಮೇಲೆ ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವುವಷ್ಟು ಕೈ ಬಂತು.

ಅಷ್ಟರಲ್ಲಿ ಕೊರೊನಾ ಬಂತು. ಊರಿಗೆ ಊರೇ ಕಷಾಯ ಕುಡಿಯುತ್ತಿದ್ದ ಕಾಲ. ನಮ್ಮ ಹಿತ್ತಲಿನಲ್ಲಿ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ ಇತ್ತು, ಬೇವಿಗೆ ಹಬ್ಬಿದ್ದೇ ಶ್ರೇಷ್ಠ ಎಂದು ಅತ್ತೆಯವರ ನಂಬಿಕೆ. ಕಿರುಬೆರಳು ದಪ್ಪದ ಕಾಂಡ ಜಜ್ಜಿ, ಕಾಳುಮೆಣಸು ಹಾಕಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಒಬ್ಬೊಬ್ಬರಿಗೆ ಒಂದೊಂದು ಲೋಟ. ಕಹಿ ಹೋಗಲು ಬೆಲ್ಲದ ಚೂರು.

ಕುಡಿದದ್ದಕ್ಕಿಂತ ಹೇಳದೆ ಇದ್ದದ್ದು ನನ್ನನ್ನು ಕೆಡಿಸಿತು. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಏರಿತ್ತು. "ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಅಮ್ಮ?" ಎಂದು ವೈದ್ಯರು ಕೇಳಿದರು. ಇಲ್ಲ ಎಂದೆ. ಮುಚ್ಚಿಡುವ ಉದ್ದೇಶವಿರಲಿಲ್ಲ. ಔಷಧಿ ಎಂದರೆ ನನ್ನ ಲೆಕ್ಕದಲ್ಲಿ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಕೊಂಡದ್ದು. ಹಿತ್ತಲಿನ ಬಳ್ಳಿಗೆ ಚೀಟಿ ಯಾರು ಬರೆಯುತ್ತಾರೆ? ಮನೆಮಂದಿಯೆಲ್ಲ ಕಾಫಿಯಂತೆ ಕುಡಿಯುತ್ತಿದ್ದದ್ದು ಆ ಪ್ರಶ್ನೆಯೊಳಗೆ ಬರುತ್ತದೆಂದು ತೋಚಲೇ ಇಲ್ಲ. ಮೆಥೊಟ್ರೆಕ್ಸೇಟಿಗೆ ಲಿವರ್ ಕೆಡಿಸುವ ಹೆಸರು ಮೊದಲೇ ಇದೆ. ಅನುಮಾನ ಅದರ ಮೇಲೆಯೇ ಹೋಗಿ, ಅವರು ಅದನ್ನು ನಿಲ್ಲಿಸಿದರು. ಕಳ್ಳನನ್ನು ಒಳಗೆ ಇಟ್ಟುಕೊಂಡು ಕಾವಲುಗಾರನನ್ನು ಹೊರಗೆ ಅಟ್ಟಿದಂತಾಯಿತು. ಮಾತ್ರೆ ನಿಂತಿತು, ಕಷಾಯ ನಡೆಯಿತು, ಎಸ್‌ಜಿಪಿಟಿ ಇಳಿಯಲೇ ಇಲ್ಲ. ಇತ್ತ ಬಲಗೈ ಮಣಿಕಟ್ಟು ಊದುತ್ತಾ ಹೋಯಿತು. ಕಣ್ಣು ಹಳದಿಯಾದ ಮೇಲೆ ಒಂದು ದಿನ ವೈದ್ಯರೆದುರೇ ನಮ್ಮ ಯಜಮಾನರು, "ಬೆಳಗಿನ ಕಷಾಯದ ವಿಷಯ ಹೇಳಿದೆಯಾ?" ಎಂದರು. ವೈದ್ಯರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಕಷಾಯ ಬಿಟ್ಟ ಮೇಲೆ ಲಿವರ್ ಸುಧಾರಿಸಿತು, ಮಾತ್ರೆ ಮತ್ತೆ ಶುರುವಾಯಿತು. ಮಣಿಕಟ್ಟಿನ ಮೂಳೆ ಸವೆದದ್ದು ಮಾತ್ರ ತಿರುಗಿ ಬರಲಿಲ್ಲ. ಮುದ್ದೆ ತಿರುವುವುದು ಈಗ ಯಜಮಾನರ ಕೆಲಸ, ಗಂಟುಗಂಟಾಗಿಯೇ ಮಾಡುತ್ತಾರೆ.

2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟವರ ಬಗ್ಗೆ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇದ್ದಿರಬಹುದು ಎಂದಿತು. ಆ ಜಗಳ ಅವರಿಗಿರಲಿ. ನನ್ನ ಆಕ್ಷೇಪ ಬೇರೆ: ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಕೀಲುಗಳ ಮೇಲೆ ಬೀಳುತ್ತದೆ. ಅದನ್ನು ಹೆಚ್ಚಿಸುತ್ತದೆ ಎಂದು ಹೊಗಳಿಸಿಕೊಳ್ಳುವ ಬಳ್ಳಿಯನ್ನು ಈ ರೋಗಿಗೇ ಏಕೆ ಕುಡಿಸಬೇಕು?

ಹಾಗಾಗಿ ಯಾವ ಗಿಡ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಡ್ಡಪರಿಣಾಮವಿಲ್ಲದ ಔಷಧಿ ಎಂಬುದು ಜಾಹೀರಾತಿನ ಮಾತು. ಸಾರಿಗೆ ಹಾಕುವ ಅರಿಶಿನಕ್ಕೆ ಯಾರ ಅಡ್ಡಿಯೂ ಇಲ್ಲ, ಆದರೆ ಅದರಲ್ಲಿನ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಅದು 20 ಪಟ್ಟು ಏರುತ್ತದೆಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನ ತೋರಿಸಿತು. ಅರಿಶಿನದ ಅನೇಕ ಕ್ಯಾಪ್ಸೂಲುಗಳಲ್ಲಿ ಎರಡೂ ಇರುವುದು ಅದಕ್ಕೇ. ಪೈಪರಿನ್ ಬೇರೆ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು, ಕೇಳದೆ ಕೊಡಬೇಡಿ. ಲಕ್ಕಿ ಸೊಪ್ಪು ಬಿಸಿ ಮಾಡಿ ಶಾಖ ಕೊಡುವುದಿದ್ದರೆ ಧಾರಾಳವಾಗಿ ಕೊಡಿ, ಚರ್ಮ ಸುಡದಿದ್ದರೆ ಸರಿ.

ಆಯುರ್ವೇದವೇ ಬೇಕೆಂದರೆ ಮೈಸೂರಿನ ಸರ್ಕಾರಿ ಆಯುರ್ವೇದ ಆಸ್ಪತ್ರೆಗೆ ಕರೆದೊಯ್ಯಿರಿ, ಕೀಲುರೋಗ ತಜ್ಞರ ಫೈಲನ್ನು ಅವರ ಮುಂದೆಯೂ ಇಡಿ. ಹೆಸರಿಲ್ಲದ ಪುಡಿಯ ಪೊಟ್ಟಣ ಮಾತ್ರ ಬೇಡ. ನಾಲ್ಕೇ ದಿನದಲ್ಲಿ ಊತ ಮಾಯವಾದರೆ ಸ್ಟೀರಾಯ್ಡ್ ಬೆರೆಸಿದ್ದಾರೆಂದು ಅನುಮಾನಿಸಿ.

ತಾಯಿಯವರ ಮಾತ್ರೆ ಶುರುವಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿರದಿದ್ದರೆ ಈ ವಾರವೇ ತಜ್ಞರ ಬಳಿ ಕರೆದೊಯ್ಯಿರಿ, ಅಡುಗೆಮನೆಯಲ್ಲಿ ಕುದಿಯುತ್ತಿರುವುದನ್ನೆಲ್ಲ ಮೊದಲೇ ಹಾಳೆಯಲ್ಲಿ ಬರೆದುಕೊಂಡು ಹೋಗಿ.