ಆಶೀರ್ವಾದ, ಪಾಪಕ್ಷಮೆ, ಮನೆಯ ಬಾಗಿಲು: ಮೂರು ಪ್ರಶ್ನೆಗಳು ಒಂದಾಗಿ ಕಗ್ಗಂಟಾದ ಪ್ರಕರಣ

ಅರವತ್ತು ದಾಟಿದ ಕಥೋಲಿಕ ದಂಪತಿ, ಅವರ ಮಗ, ಮಗನ ಜೊತೆ ಕೆಲವು ವರ್ಷಗಳಿಂದ ಬಾಳುತ್ತಿರುವ ಸಂಗಾತಿ. ಸಂಗಾತಿಯೂ ಗಂಡಸು, ಕಥೋಲಿಕನಲ್ಲ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.) ಸಲಹೆ ಕೇಳಿ ನಮ್ಮ ಬಳಿಗೆ ಮೊದಲು ಬಂದವರು ತಾಯಿ. ಮಗ ಫೋನ್ ಮಾಡುವುದನ್ನೇ ಬಿಟ್ಟಿದ್ದ. "ಮೊದಲು ಪಶ್ಚಾತ್ತಾಪ ಪಡಲಿ, ಆಮೇಲೆ ಈ ಮನೆಗೆ ಬರಲಿ" ಎಂದು ತಂದೆ ಪಟ್ಟು ಹಿಡಿದಿದ್ದರು. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸುತ್ತಾ ತಾಯಿ ಹೈರಾಣಾಗಿದ್ದರು.

ಜಗಳ ಹೊತ್ತಿಕೊಂಡದ್ದು ಒಂದು ಕಾರ್ಡಿನಿಂದ. ಇಬ್ಬರಿಗೂ ಪ್ರಾರ್ಥನೆ ಮಾಡಿ ಆಶೀರ್ವದಿಸಲು ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಗುರುಗಳು (ಪಾದ್ರಿ) ಮೊದಲು ಒಪ್ಪಿದ್ದರು. ಆಮೇಲೆ ಮಗ ಕಾರ್ಡು ಅಚ್ಚು ಹಾಕಿಸಿದ. ಅದರಲ್ಲಿ ಇಬ್ಬರ ಹೆಸರು, ದೇವಾಲಯದ ಹೆಸರು, ಗಂಟೆ, ಕೆಳಗೆ ಔತಣದ ಸ್ಥಳ. ದಿನವೂ ಅವರ ಸಂಬಂಧದ ಸಿವಿಲ್ (ಸರ್ಕಾರಿ) ನೋಂದಣಿಯ ದಿನವೇ. ಕಾರ್ಡು ಕಂಡ ಗುರುಗಳು ಹಿಂದೆ ಸರಿದರು. ಮಗನಿಗೆ ಅದು ಸಾರ್ವಜನಿಕ ಅವಮಾನವಾಯಿತು, ತಂದೆಗೆ ತಮ್ಮ ವಾದಕ್ಕೆ ಸಿಕ್ಕ ಪುರಾವೆಯಾಯಿತು.

ತಂದೆ-ಮಗ ಇಬ್ಬರೂ ಓದಿಕೊಂಡವರೇ. ಆದರೆ ತಮಗೆ ಬೇಕಾದಷ್ಟನ್ನು ಮಾತ್ರ ಓದಿದ್ದರು. ತಂದೆಯ ಕೈಯಲ್ಲಿದ್ದದ್ದು 2021ರ ಮಾರ್ಚ್‌ನಲ್ಲಿ ಪ್ರಶ್ನೆಯೊಂದಕ್ಕೆ ವ್ಯಾಟಿಕನ್ ಪ್ರಕಟಿಸಿದ ಉತ್ತರ: ಸಲಿಂಗ ಸಂಬಂಧವನ್ನು ಆಶೀರ್ವದಿಸುವ ಅಧಿಕಾರ ಧರ್ಮಸಭೆಗೆ (ಕಥೋಲಿಕ ಚರ್ಚಿಗೆ) ಇಲ್ಲ, ದೇವರು ಪಾಪವನ್ನು ಆಶೀರ್ವದಿಸುವುದಿಲ್ಲ. ಮಗನ ಬಳಿ ಇದ್ದದ್ದು 2023ರ ಡಿಸೆಂಬರ್ 18ರ 'ಫಿದುಚಿಯಾ ಸುಪ್ಲಿಕಾನ್ಸ್' ಘೋಷಣೆಯ ಸುದ್ದಿ. ಕಾರ್ಡಿನಲ್ ಫರ್ನಾಂಡಿಸ್ ಸಹಿ ಹಾಕಿದ, ಪೋಪ್ ಫ್ರಾನ್ಸಿಸ್ ಅನುಮೋದಿಸಿದ ದಾಖಲೆ ಅದು. ವಿವಾಹದ ಬೋಧನೆಯನ್ನು ಅದು ಬದಲಿಸಲಿಲ್ಲ. ಸಲಿಂಗ ಜೋಡಿಯಾಗಲಿ, ಧರ್ಮಸಭೆಯ ಕಟ್ಟಳೆಯ ಹೊರಗೆ ಮರುಮದುವೆಯಾದವರಾಗಲಿ, ಒಟ್ಟಿಗೆ ಬಂದು ಬೇಡಿಕೊಂಡರೆ ಸಂಬಂಧಕ್ಕೆ ಮುದ್ರೆ ಒತ್ತದೆ ಗುರುಗಳು ಆಶೀರ್ವದಿಸಬಹುದು ಎಂದಿತು. ಜೊತೆಗೆ ಮೂರು ಗಡಿ ಹಾಕಿತು: ಅದಕ್ಕೆ ನಿಗದಿತ ವಿಧಿ ಇರಕೂಡದು, ಸಿವಿಲ್ ಸಮಾರಂಭದ ಜೊತೆಗಾಗಲಿ ಅದಕ್ಕೆ ಹೊಂದಿಸಿಯಾಗಲಿ ಮಾಡಕೂಡದು, ಮದುವೆಯ ಉಡುಪು, ಸನ್ನೆ, ಮಾತು ಇರಕೂಡದು. ಆ ಕಾರ್ಡು ಎರಡನೆಯ ಗಡಿಯನ್ನು ನೇರವಾಗಿ ದಾಟಿತ್ತು. ಗುರುಗಳು ಹಿಂದೆ ಸರಿದದ್ದು ಈ ಜೋಡಿಯ ಮೇಲಿನ ತಿರಸ್ಕಾರದಿಂದಲ್ಲ ಎಂಬುದು ದಾಖಲೆಯ ಸಾಲುಗಳನ್ನು ಮಗನ ಮುಂದಿಟ್ಟ ಮೇಲೆಯೇ ಅವನಿಗೆ ಹೊಳೆದದ್ದು.

ಈ ಮನೆಯಲ್ಲಿ ಕಗ್ಗಂಟಾಗಿದ್ದವು ಮೂರು ಬೇರೆ ಬೇರೆ ವಿಷಯಗಳು. ಪಾಪನಿವೇದನೆಯಲ್ಲಿ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಸಂಸ್ಕಾರದಲ್ಲಿ) ಕ್ಷಮೆ ಸಿಗಬೇಕಾದರೆ ಪಶ್ಚಾತ್ತಾಪ ಬೇಕು, ತಿದ್ದಿಕೊಳ್ಳುವ ಸಂಕಲ್ಪವೂ ಬೇಕು. ಧರ್ಮಸಭೆಯ ಕಾನೂನಿನ 987ನೇ ವಿಧಿ ಹೇಳುವುದು ಇದನ್ನೇ. ಆಶೀರ್ವಾದಕ್ಕೆ ಅಂಥ ಷರತ್ತಿಲ್ಲ. ಆಶೀರ್ವಾದ ಕೇಳಿದವರ ನೈತಿಕ ಬದುಕನ್ನು ಮೊದಲು ಜಾಲಾಡಬೇಡಿ, ಕೇಳುವುದರಲ್ಲೇ ದೇವರ ಸಹಾಯ ಬೇಕೆಂಬ ಒಪ್ಪಿಗೆ ಇದೆ ಎಂಬುದು 2023ರ ದಾಖಲೆಯ ನಿಲುವು. ಮೂರನೆಯದು ಹೆತ್ತವರ ಮನೆ. ಅದು ಸಂಸ್ಕಾರವಲ್ಲ, ಅದರ ಬಾಗಿಲು ತೆರೆಯಲು ರೋಮ್‌ನ ಅನುಮತಿಯೂ ಬೇಕಿಲ್ಲ. ತಂದೆ ಮೊದಲನೆಯದರ ಷರತ್ತನ್ನು ಮೂರನೆಯದಕ್ಕೆ ಹಾಕುತ್ತಿದ್ದರು. ಮಗ ಎರಡನೆಯದರಿಂದ ಮದುವೆಯ ಮಾನ್ಯತೆ ನಿರೀಕ್ಷಿಸುತ್ತಿದ್ದ. ಇಂಥ ಕುಟುಂಬಗಳಲ್ಲಿ ನೋವು ಹೆಚ್ಚಾಗಿ ಹುಟ್ಟುವುದೇ ಈ ಅದಲುಬದಲಿನಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ.

ತಂದೆಯೊಂದಿಗೆ ಮಾತಾಡುವಾಗ ಅವರ ನಂಬಿಕೆಯನ್ನು ಬಿಡಿಸುವ ಪ್ರಯತ್ನ ಮಾಡಲಿಲ್ಲ, ಮಾಡಲೂಬಾರದು. ಅವರ ಭಯ ನಿಜವಾದದ್ದು: ಇಬ್ಬರನ್ನೂ ಕರೆದು ಕೂರಿಸಿದರೆ ತಾನೂ ಪಾಪದಲ್ಲಿ ಪಾಲುದಾರನಾಗುತ್ತೇನೆ. ಅವರು ಗೌರವಿಸುವ ಧರ್ಮೋಪದೇಶದ ಗ್ರಂಥವನ್ನೇ (ಕಥೋಲಿಕ ಬೋಧನೆಗಳ ಅಧಿಕೃತ ಸಂಗ್ರಹ) ತೆರೆದೆವು. 2357ನೇ ಕಂಡಿಕೆ ಅವರಿಗೆ ಬಾಯಿಪಾಠ. ಅದು ಸಲಿಂಗ ಕ್ರಿಯೆಗಳನ್ನು ಒಪ್ಪುವುದಿಲ್ಲ. ಅದರ ಮರುಕಂಡಿಕೆ ಇಂಥವರನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯ ಸಲ್ಲದು ಎನ್ನುತ್ತದೆ. 2359 ಅವರನ್ನು ಶುದ್ಧ, ಅಂದರೆ ಲೈಂಗಿಕ ಸಂಯಮದ, ಬದುಕಿಗೆ ಕರೆಯುತ್ತದೆ. ಮೂರೂ ಒಟ್ಟಿಗೇ ಇವೆ. ಒಂದನ್ನು ಹಿಡಿದು ಉಳಿದೆರಡನ್ನು ಬಿಡುವಂತಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ವಿಚ್ಛೇದನ ಪಡೆದು ಧರ್ಮಸಭೆಯ ಹೊರಗೆ ಮರುಮದುವೆಯಾದವರು ನಿಮ್ಮ ಬಂಧುಗಳಲ್ಲಿ ಯಾರಾದರೂ ಇದ್ದಾರೆಯೇ? ಇದ್ದರು, ತಂಗಿಯ ಮಗ. ಅವನು ಹೆಂಡತಿಯ ಜೊತೆ ಬಂದು ಹೋಗುತ್ತಿದ್ದ, ಯಾರೂ ಪಶ್ಚಾತ್ತಾಪದ ರಸೀದಿ ಕೇಳಿರಲಿಲ್ಲ. ತಂದೆ ಬಹಳ ಹೊತ್ತು ಮಾತಾಡಲಿಲ್ಲ.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ನಿಮ್ಮ ನಂಬಿಕೆಯನ್ನು ಮಗನಿಗೆ ಒಂದು ಸಲ, ಮುಖಾಮುಖಿಯಾಗಿ, ನಿಧಾನವಾಗಿ ಹೇಳಿ. ಅವನು ಮರೆತಿರುವುದಿಲ್ಲ, ಪ್ರತಿ ಫೋನಿನಲ್ಲೂ ಮತ್ತೆ ಹೇಳಬೇಡಿ. ಬಲವಂತದಿಂದ ಹುಟ್ಟಿದ್ದು ಪಶ್ಚಾತ್ತಾಪವಲ್ಲ ಎಂದು ನಿಮ್ಮ ಧರ್ಮವೇ ಹೇಳುತ್ತದೆ. "ಪಾಪನಿವೇದನೆಗೆ ಹೋಗಿದ್ದೆಯಾ? ಗುರುಗಳು ಏನಂದರು?" ಎಂದು ಎಂದೂ ಕೇಳಬೇಡಿ. ಗುರುಗಳು ಬಾಯಿ ಬಿಡುವಂತಿಲ್ಲ, ಮಗನಿಗೂ ಹೇಳುವ ಬಾಧ್ಯತೆ ಇಲ್ಲ. ಸಂಗಾತಿಯನ್ನು "ಅವನು", "ಆ ಹುಡುಗ" ಎನ್ನುವುದು ಬಿಟ್ಟು ಹೆಸರು ಹಿಡಿದು ಕರೆಯಿರಿ.

ನಡುವೆ ಒಬ್ಬ ಬಂಧು, ಮಗನನ್ನು 'ಸರಿಪಡಿಸುವ' ಚಿಕಿತ್ಸೆಗೆ ಕಳಿಸೋಣ ಎಂದರು. ಇದಕ್ಕೆ ಖಡಾಖಂಡಿತವಾಗಿ ಬೇಡ ಎಂದೆವು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಇಂಥ 'ಚಿಕಿತ್ಸೆ'ಗಳಿಂದ ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚುವ ಅಪಾಯವಿದೆ. ಮಗನನ್ನು ಒಬ್ಬನೇ ಕೂರಿಸಿಕೊಂಡು ಬದುಕು ಸಾಕೆನಿಸಿದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲವೆಂದ. ಹೌದೆಂದಿದ್ದರೆ ಆಶೀರ್ವಾದದ ಚರ್ಚೆ ಅಲ್ಲಿಗೇ ನಿಂತು ಮನೋವೈದ್ಯರ ಸಹಾಯ ಮೊದಲಾಗುತ್ತಿತ್ತು.

ಮಗ ಮತ್ತು ಸಂಗಾತಿಯ ಜೊತೆಗಿನ ಕೆಲಸ ಇನ್ನೂ ನಾಜೂಕಿನದು. ಅವರಿಗೆ ಬೇಕಾದದ್ದು ಪ್ರಾರ್ಥನೆಯೋ, ಮದುವೆಗೆ ಧರ್ಮಸಭೆಯ ಒಪ್ಪಿಗೆಯೋ? ಎರಡನೆಯದಾದರೆ ಈ ಆಶೀರ್ವಾದದಲ್ಲಿ ಅದು ಸಿಗುವುದಿಲ್ಲ. ಮೊದಲೇ ತಿಳಿದಿದ್ದರೆ ಆಮೇಲಿನ ಗಾಯ ಕಡಿಮೆ. 2024ರ ಜನವರಿ 4ರ ಸ್ಪಷ್ಟನೆಯಲ್ಲಿ ವ್ಯಾಟಿಕನ್ ಇಂಥ ಆಶೀರ್ವಾದದ ಅಳತೆಯನ್ನೇ ಕೊಟ್ಟಿದೆ: ಸುಮಾರು 10-15 ಸೆಕೆಂಡು. ಆರೋಗ್ಯ, ಕೆಲಸ, ಶಾಂತಿ, ಪರಸ್ಪರ ಸಹಾಯಕ್ಕಾಗಿ, ಶುಭಸಂದೇಶಕ್ಕೆ (ಯೇಸುವಿನ ಬೋಧನೆಗೆ) ವಿರುದ್ಧವಾದುದರಿಂದ ಬಿಡುಗಡೆಗಾಗಿ ಒಂದು ಚಿಕ್ಕ ಪ್ರಾರ್ಥನೆ, ಕೊನೆಗೆ ಇಬ್ಬರ ಮೇಲೂ ಬೇರೆ ಬೇರೆಯಾಗಿ ಶಿಲುಬೆಯ ಗುರುತು. ಇಷ್ಟೇ. "ಇಷ್ಟಕ್ಕಾಗಿ ಹೋಗಬೇಕೇ?" ಎಂದ ಮಗ. ಉತ್ತರಿಸಿದವನು ಸಂಗಾತಿ: "ನಿನಗೆ ಬೇಕಿದ್ದರೆ ನಾನು ಬರುತ್ತೇನೆ." ತಾನು ಕಥೋಲಿಕನಲ್ಲವಲ್ಲ ಎಂಬ ಅಳುಕು ಅವನಿಗಿತ್ತು. ಕಥೋಲಿಕರಲ್ಲದವರಿಗೂ ಆಶೀರ್ವಾದ ಕೊಡಬಹುದೆಂದು ಧರ್ಮಸಭೆಯ ಕಾನೂನಿನ 1170ನೇ ವಿಧಿ ಹೇಳುತ್ತದೆ.

ಗುರುಗಳನ್ನು ಹೇಗೆ ಕೇಳಬೇಕು ಎಂಬುದನ್ನೂ ಹೇಳಿಕೊಡಬೇಕಾಯಿತು. ಕಾರ್ಡು ಬೇಡ, ಛಾಯಾಗ್ರಾಹಕ ಬೇಡ, ನೋಂದಣಿಯ ದಿನವಂತೂ ಬೇಡ. ಮೊದಲು ಖಾಸಗಿಯಾಗಿ ಮಾತಾಡಿ; "ಗುರುಗಳೇ, ನಮ್ಮಿಬ್ಬರಿಗಾಗಿ ಪ್ರಾರ್ಥಿಸುತ್ತೀರಾ?" ಎಂದಷ್ಟೇ ಕೇಳಿ. ಚಿತ್ರ ತೆಗೆದು ಹಂಚಬೇಡಿ. ಅದು ಗುರುಗಳನ್ನೂ ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅವರು ಒಲ್ಲೆ ಎನ್ನಲೂಬಹುದು. ಆಫ್ರಿಕಾದ ಧರ್ಮಾಧ್ಯಕ್ಷರ (ಬಿಷಪ್ಪರ) ಒಕ್ಕೂಟ 2024ರ ಜನವರಿ 11ರಂದು ತಮ್ಮ ಖಂಡದಲ್ಲಿ ಇಂಥ ಆಶೀರ್ವಾದ ಸೂಕ್ತವಲ್ಲ ಎಂದಿತು. ಜರ್ಮನಿಯ ಸಿನೋಡಲ್ ಸಭೆಯಾದರೋ (ಅಲ್ಲಿನ ಧರ್ಮಾಧ್ಯಕ್ಷರೂ ಸಾಮಾನ್ಯ ವಿಶ್ವಾಸಿಗಳೂ ಕೂಡಿದ ಸಭೆ) 2023ರ ಮಾರ್ಚ್‌ನಲ್ಲೇ ಆಶೀರ್ವಾದದ ಪರ ಮತ ಹಾಕಿತ್ತು. ಒಬ್ಬ ಗುರುವಿನ ನಿರಾಕರಣೆಯನ್ನು ದೇವರ ನಿರಾಕರಣೆ ಎಂದು ಹೊತ್ತುಕೊಂಡು ಬರಬೇಡಿ.

ತಾಯಿಗೆ ಕೊಟ್ಟ ಸಲಹೆ ಚಿಕ್ಕದು: ದೂತಳ ಕೆಲಸ ಬಿಡಿ. "ಅದನ್ನು ಅಪ್ಪನ ಹತ್ತಿರವೇ ಹೇಳು, ಮಗನೇ" ಎನ್ನಲು ಕಲಿಯಿರಿ.

ಕೊನೆಗೆ ಗುರುಮನೆಯಲ್ಲಿ, ಗುರುಗಳು, ಮಗ, ಸಂಗಾತಿ ಈ ಮೂವರ ನಡುವೆ ಪ್ರಾರ್ಥನೆ ನಡೆಯಿತು. ತಂದೆ ಹೋಗಲಿಲ್ಲ, ಹೋಗಬೇಕೆಂದು ನಾವೂ ಒತ್ತಾಯಿಸಲಿಲ್ಲ. ಆದರೆ ಹಬ್ಬಕ್ಕೆ ಇಬ್ಬರನ್ನೂ ಕರೆದರು, ಫೋನು ಹಚ್ಚಿದ್ದು ಅವರೇ. ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ಪರಮಪ್ರಸಾದದ (ಬಲಿಪೂಜೆಯಲ್ಲಿ ಸಾಲಿನಲ್ಲಿ ಹೋಗಿ ಸ್ವೀಕರಿಸುವ ಪವಿತ್ರ ರೊಟ್ಟಿಯ) ಪ್ರಶ್ನೆ. ಅದು ಮಗನಿಗೂ ಅವನ ಪಾಪನಿವೇದನೆ ಕೇಳುವ ಗುರುಗಳಿಗೂ ಬಿಟ್ಟದ್ದು, ಕುಟುಂಬ ಅದರೊಳಗೆ ಕೈಹಾಕಬಾರದು. ಹಬ್ಬದ ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ಒಟ್ಟಿಗೆ ಹೋಗುವ ಮೊದಲು ಹೆತ್ತವರು ಒಂದಕ್ಕೆ ಒಪ್ಪಿಕೊಂಡಿದ್ದಾರೆ: ಸಾಲಿನಲ್ಲಿ ಮಗ ಎದ್ದು ಹೋದನೇ, ಕೂತಲ್ಲೇ ಕೂತನೇ ಎಂದು ಇಬ್ಬರೂ ತಿರುಗಿ ನೋಡುವುದಿಲ್ಲ, ಮನೆಗೆ ಬಂದ ಮೇಲೆ ಕೇಳುವುದೂ ಇಲ್ಲ.