ಮದುವೆ ಕಾಗದ ಪೂರ್ತಿ ಎಡ್ವರ್ಡಿಯನ್ ಸ್ಕ್ರಿಪ್ಟ್ ಫಾಂಟ್‌ನಲ್ಲೇ ಹಾಕಿಸಬಹುದಾ?

ಬೇಡ. ಹುಡುಗ, ಹುಡುಗಿಯ ಹೆಸರಿಗೆ ಮಾತ್ರ ಅದು ಸಾಕು. ತಂಗಿಯ ಮದುವೆಯ ಇಂಗ್ಲಿಷ್ ಕಾಗದದಲ್ಲಿ ಮುಹೂರ್ತ, ಮಂಟಪದ ವಿಳಾಸ ಎಲ್ಲ ಆ ಬಳುಕುವ ಅಕ್ಷರದಲ್ಲೇ ಇರಲಿ ಅಂತ ಮನೆಯವರ ಆಸೆ ಅಂದಿದ್ದೀರಿ. ನಾನು ವಿರಾಜಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟವನು, ಈ ಆಸೆ ವಾರಕ್ಕೊಮ್ಮೆ ಕೇಳುತ್ತೇನೆ. ಈಗ ನಮ್ಮ ಕೊಡಗಿನ ಕಕ್ಕಡ ತಿಂಗಳು, ಮದುವೆ ಇಲ್ಲ, ಹೊರಗೆ ಮಳೆ. ಅದಕ್ಕೇ ಇಷ್ಟು ಬರೆಯಲು ಪುರುಸೊತ್ತು.

ಎಡ್ವರ್ಡಿಯನ್ ಸ್ಕ್ರಿಪ್ಟ್ ಅನ್ನು 1994ರಲ್ಲಿ ಎಡ್ ಬೆಂಗ್ಯಾಟ್ ಬಿಡಿಸಿದ್ದು, ಮೊನಚು ನಿಬ್ಬಿನ ಬರವಣಿಗೆಯ ಹಾಗೆ. ನಿಬ್ಬು ಒತ್ತಿದರೆ ಗೆರೆ ದಪ್ಪ, ಸಡಿಲ ಬಿಟ್ಟರೆ ಕೂದಲಿನಷ್ಟು ತೆಳು. ಆ ತೆಳು ಗೆರೆ 11 ಪಾಯಿಂಟ್‌ನಷ್ಟು ಸಣ್ಣ ಗಾತ್ರದಲ್ಲಿ ತರಿತರಿ ಕಾಗದದ ಮೇಲೆ ಅಲ್ಲಲ್ಲಿ ಮಾಯವಾಗುತ್ತದೆ. ಚಿನ್ನದ ಫಾಯಿಲ್ ಆದರೆ ಇನ್ನೂ ಕಷ್ಟ. ನಾನು 36 ಪಾಯಿಂಟ್‌ಗಿಂತ ಕೆಳಗೆ ಇಳಿಸುವುದೇ ಇಲ್ಲ. ನಿಮ್ಮ ಹತ್ತಿರ ಮ್ಯಾಕ್ ಇದ್ದರೆ ಸ್ನೆಲ್ ರೌಂಡ್‌ಹ್ಯಾಂಡ್ ನೋಡಿ, ಅದರಲ್ಲಿ ಬೋಲ್ಡ್ ಕೂಡ ಇದೆ. ಪುಕ್ಕಟೆ ಬೇಕಾದರೆ ಗೂಗಲ್ ಫಾಂಟ್ಸ್‌ನಲ್ಲಿ ಗ್ರೇಟ್ ವೈಬ್ಸ್ ಸಿಗುತ್ತದೆ.

ನಿಜವಾದ ತೊಂದರೆ ನಮ್ಮ ಹೆಸರುಗಳದ್ದು. ಇಂಗ್ಲಿಷಿನಲ್ಲಿ ಪೊನ್ನಮ್ಮ ಅಂತ ಹೊಡೆದು ನೋಡಿ. ಎರಡು ಎನ್, ನಡುವೆ ಒಂದು ಎ, ಮತ್ತೆ ಎರಡು ಎಂ. ಓರೆಯಾಗಿ ನಿಂತ ಬಾಚಣಿಗೆ ಹಲ್ಲು! ಎಲ್ಲಿ ಎನ್ ಮುಗಿಯಿತು, ಎಲ್ಲಿ ಎಂ ಶುರುವಾಯಿತು ಅಂತ ಗೊತ್ತಾಗಲ್ಲ. ಹಾಗಂತ ಅಕ್ಷರದ ನಡುವೆ ಜಾಗ ಬಿಡಲು ಹೋಗಬೇಡಿ. ಕೂಡು ಬರಹದ ಕೊಂಡಿಗಳೇ ತುಂಡಾಗುತ್ತವೆ. ಗಾತ್ರ ದೊಡ್ಡದು ಮಾಡಿ, ಹುಡುಗಿಯ ಹೆಸರು ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಓದಿಸಿ. ಅವರು ತಡವರಿಸಿದರೆ ಫಾಂಟ್ ಬದಲಿಸಿ.

ಇನಿಷಿಯಲ್ ಅಂತೂ ಈ ಅಕ್ಷರದಲ್ಲಿ ಬೇಡವೇ ಬೇಡ. ಇಲ್ಲಿ ಮನೆ ಹೆಸರಿನದು ಒಂದು, ಅಪ್ಪನದು ಒಂದು ಅಂತ ಎರಡು ದೊಡ್ಡಕ್ಷರ ಮುಂದೆ ಬರುತ್ತವೆ ಅಲ್ವಾ? ಒಂದರ ಬಾಲ ಇನ್ನೊಂದರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಒಮ್ಮೆ ನಾನೇ ಎಡವಿದ್ದೆ. ಹುಡುಗನ ಮನೆ ಹೆಸರಿನ ಎಸ್ ಅನ್ನು ಇಂಥದ್ದೇ ಫಾಂಟ್‌ನಲ್ಲಿ ಹಾಕಿ 400 ಕಾಗದ ಹೊಡೆದೆ. ಅರ್ಧ ಊರು ಅದನ್ನು ಎಲ್ ಅಂತ ಓದಿತು. ಹುಡುಗನ ಅಜ್ಜಿ ಅಂಗಡಿಗೇ ಬಂದು, "ಇದು ಯಾರ ಮನೆ ಹುಡುಗನಪ್ಪಾ?" ಅಂತ ಕೇಳಿದರು. ಇನ್ನೊಂದು ಸಲ ಹೊಡೆದುಕೊಟ್ಟೆ, ನನ್ನದೇ ಖರ್ಚಿನಲ್ಲಿ. ಈಗ ಮನೆ ಹೆಸರನ್ನು ಪೂರ್ತಿಯಾಗಿ, ಸಾದಾ ಅಕ್ಷರದಲ್ಲಿ, ಹೆಸರಿನ ಮೇಲೆ ಸಣ್ಣದಾಗಿ ಹಾಕುತ್ತೇನೆ. ನೋಡಲೂ ಅದೇ ಚೆಂದ.

ಕನ್ನಡದ ಪುಟಕ್ಕೆ ಈ ಫಾಂಟ್‌ಗಳು ಬರುವುದಿಲ್ಲ, ಅವುಗಳಲ್ಲಿ ಕನ್ನಡ ಅಕ್ಷರವೇ ಇಲ್ಲ. ಟೀರೋ ಕನ್ನಡ ಫಾಂಟ್ ಹಾಕಿ, ಜೊತೆಗೆ ಒಪ್ಪುತ್ತದೆ. ಪ್ರೆಸ್ಸಿಗೆ ಫೈಲ್ ಕಳಿಸುವ ಮುಂಚೆ ಕೋರೆಲ್‌ನಲ್ಲಿ ಹೆಸರುಗಳನ್ನು ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ಚಿತ್ರದ ಗೆರೆಗಳಾಗಿ ಬದಲಿಸಿ. ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ತಂಗಿಯ ಹೆಸರು ಏರಿಯಲ್‌ನಂಥ ಸಾದಾ ಫಾಂಟ್‌ನಲ್ಲಿ ಬಂದುಬಿಡಬಹುದು.